ಖಾಸಿಂಬಿಯ ಧಾರಾವಾಹಿ

ನನ್ನ ನೆನಪುಗಳ ಈ ಅಧ್ಯಾಯ ಬರೆಯಲು ಕೂತದ್ದು ಆಗಸ್ಟ್ ಹನ್ನೊಂದನೇ ತಾರೀಖು, ಭಾನುವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ. ಎದುರಿಗೆ ನನ್ನ ಒಂಬತ್ತನೇ ತರಗತಿಯ ದಿನಚರಿ ಇದೆ. ರಟ್ಟು ಕಿತ್ತುಹೋಗಿದೆ, ಶಾಯಿ ಕಂದಿದೆ, ಆದರೆ ಎಣಿಕೆಯ ಗೀಟುಗಳು ಇನ್ನೂ ನೆಟ್ಟಗೆ ನಿಂತಿವೆ. ಆ ವಯಸ್ಸಿನಲ್ಲಿ ನನಗೆ ಎಣಿಸುವ ಚಟವಿತ್ತು. ಯಾವ ದಿನ ಎಷ್ಟು ಹೊತ್ತು ಕರೆಂಟು ಹೋಯಿತು, ಅವ್ವ ಎಷ್ಟು ರೊಟ್ಟಿ ಬಡಿದಳು, ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಸೊಸೆಯನ್ನು ಎಷ್ಟು ಸಲ ಕೂಗಿ ಕರೆದಳು, ಎಲ್ಲಕ್ಕೂ ಗೀಟು. ನಾಲ್ಕು ಉದ್ದ, ಐದನೆಯದು ಅಡ್ಡ. ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕ ಶಾರದಾ ಇದನ್ನು ಪಂಚನಾಮೆ ಎನ್ನುತ್ತಿದ್ದಳು.

"ಬರಿಯವ್ವ ಬರಿ. ನಾ ಈಗ ಸೀನಿದೆ, ಅದನ್ನೂ ಬರಿ."

ಅದನ್ನೂ ಬರೆದಿದ್ದೇನೆ. ಮೂರು ಸಲ.

ನಮ್ಮ ಮನೆ ರಾಯಚೂರಿನ ಹಳೆಯ ಓಣಿಯೊಂದರಲ್ಲಿತ್ತು. ಪಡಸಾಲೆ, ನಡುಮನೆ, ಅಡುಗೆಮನೆ ಒಂದರ ಹಿಂದೊಂದು ಸಾಲಾಗಿ. ನೆಲಕ್ಕೆ ಕಲ್ಲು, ಮೇಲೆ ಮಣ್ಣಿನ ಮಾಳಿಗೆ. ಎಂಬತ್ತರ ದಶಕದ ನಡುವಿನಲ್ಲಿ ನಮ್ಮ ಸಾಲಿನ ಮೊದಲ ಟಿವಿ ನಮ್ಮ ನಡುಮನೆಗೆ ಬಂತು. ಕಪ್ಪು ಬಿಳುಪಿನದು, ಮರದ ಬಾಗಿಲಿನದು. ಭಾನುವಾರ ಬೆಳಿಗ್ಗೆ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ಅದಕ್ಕೆ ಅರ್ಧ ಗಂಟೆ ಮೊದಲೇ ಓಣಿಯ ಹೆಂಗಸರು ಕಾಳು ಆರಿಸುವ ಮೊರ, ಬಿಡಿಸುವ ಪುಂಡಿಪಲ್ಯದ ಕಟ್ಟು ಹಿಡಿದುಕೊಂಡು ಬಂದು ನೆಲದ ಮೇಲೆ ಜಾಗ ಮಾಡಿಕೊಳ್ಳುತ್ತಿದ್ದರು. ಸರಾಸರಿ ಎಂಟು ಮಂದಿ. ಅತಿ ಹೆಚ್ಚೆಂದರೆ ಹದಿಮೂರು. ಇದ್ದ ಎರಡು ಕುರ್ಚಿಗಳ ಮೇಲೆ ಯಾರೂ ಕೂರುತ್ತಿರಲಿಲ್ಲ. ಯಾವ ಗಂಡಸೂ ಬರದಿದ್ದರೂ ಅವು ಗಂಡಸರ ಕುರ್ಚಿಗಳು. ಚಿತ್ರ ಸರಿಯಾಗಿ ಬರಬೇಕೆಂದರೆ ಮಾಳಿಗೆಯ ಮೇಲಿನ ಆ್ಯಂಟೆನಾವನ್ನು ಗಾಳಿಗೆ ತಕ್ಕಂತೆ ತಿರುಗಿಸಬೇಕಿತ್ತು, ಮತ್ತು ಆ ವಿದ್ಯೆ ಮನೆಯಲ್ಲಿ ಅವ್ವನೊಬ್ಬಳಿಗೇ ಬರುತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿ ಹತ್ತಿದರೆ ಬೆಳಕಿಂಡಿಯಿಂದ ಅವಳ ದನಿಯಷ್ಟೇ ಕೇಳುತ್ತಿತ್ತು.

"ಬಂತೇನ?"

"ಇಲ್ಲ! ಬರೇ ಸಕ್ರಿ ಉದುರಾಕತ್ತದ!"

"ಈಗ?"

"ಮಾರಿ ಬಂತು, ಕಾಲು ಇಲ್ಲ!"

"ಕಾಲು ಕಟಗೊಂಡು ಏನ ಮಾಡ್ತೀರಿ? ಅಕಿ ಎಲ್ಲಿ ಓಡಿ ಹೋಗ್ತಾಳ? ಇಳೀತೀನಿ ನಾ."

ಧಾರಾವಾಹಿ ಮುಗಿಯುವವರೆಗೂ ಅಪ್ಪ ಪಡಸಾಲೆಯ ಮಂಚದ ಮೇಲೆ ಪೇಪರು ಹಿಡಿದು ಮಲಗಿರುತ್ತಿದ್ದ. ಪಡಸಾಲೆಗೂ ನಡುಮನೆಗೂ ನಡುವೆ ಒಂದು ಬಟ್ಟೆಯ ಪರದೆ. ಅಪ್ಪ ನಿಜಾಮರ ಕಾಲದಲ್ಲಿ ಉರ್ದು ಶಾಲೆಯಲ್ಲಿ ಓದಿದವನು. ಕಚೇರಿಯಲ್ಲಿ ಹಳೆಯ ಉರ್ದು ದಾಖಲೆ ಓದಿ ಕನ್ನಡದಲ್ಲಿ ಬರೆದುಕೊಡುವ ಕೆಲಸ. ಹೊಲದ ಜಗಳವಿದ್ದ ಅಣ್ಣತಮ್ಮಂದಿರು ದೇವದುರ್ಗ, ಮಾನ್ವಿಗಳಿಂದ ಅಜ್ಜನ ಕಾಲದ ಕಾಗದ ಹಿಡಿದು ನಮ್ಮ ಪಡಸಾಲೆಗೂ ಬರುತ್ತಿದ್ದರು. ಕಾಗದದಲ್ಲಿ ಇದ್ದದ್ದನ್ನು ಅಪ್ಪ ಇದ್ದ ಹಾಗೆ ಓದುತ್ತಿದ್ದ. ಸೋತವನೂ ಎದುರು ಮಾತಾಡದೆ ಎದ್ದು ಹೋಗುತ್ತಿದ್ದ. ನಾಗಪ್ಪ ಓದಿದನೆಂದರೆ ಮುಗಿಯಿತು, ಅಷ್ಟು ನಂಬಿಕೆ. ಅವನಿಗೆ ಧಾರಾವಾಹಿಯ ಹಿಂದಿ ಪೂರ್ತಿ ಅರ್ಥವಾಗುತ್ತಿತ್ತು, ಆದರೆ ಹೆಂಗಸರ ನಡುವೆ ಕೂತು ಅದನ್ನು ಹೇಳುವುದು ಅವನಿಂದ ಆಗದ ಕೆಲಸ. ಹಾಗಾಗಿ ಆ ಕೆಲಸ ಖಾಸಿಂಬಿಯ ಪಾಲಿಗೆ ಬಂತು.

ಖಾಸಿಂಬಿ ಬಳೆ ಮಾರುವವಳು. ಅವಳ ಗಂಡ ಬಜಾರದಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದ, ಇವಳು ಬುಟ್ಟಿ ಹೊತ್ತು ಮನೆ ಮನೆ ತಿರುಗುತ್ತಿದ್ದಳು. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ. ಓಣಿಯ ಪ್ರತಿ ಹೆಂಗಸಿನ ಕೈಯ ಅಳತೆ ಅವಳಿಗೆ ಬಾಯಿಪಾಠ. ಬಳೆ ಏರಿಸುವಾಗ ಕೈ ಒತ್ತಿ ಹಿಡಿದು ಮಾತಿಗೆ ಎಳೆಯುತ್ತಿದ್ದಳು. ನೋವು ಮರೆಯಲೆಂದು ಆಡಿದ ಮಾತಿನಲ್ಲಿ ಮನೆಯ ಒಳಗಿನದೆಲ್ಲ ಹೊರಗೆ ಬರುತ್ತಿತ್ತು. ಅವಳು ಟಿವಿಯ ಪಕ್ಕದಲ್ಲಿ ಚಿತ್ರಕ್ಕೆ ಬೆನ್ನು ಮಾಡಿ, ನಮ್ಮ ಕಡೆ ಮುಖ ಮಾಡಿ ಕೂರುತ್ತಿದ್ದಳು. ಕಿವಿಯಲ್ಲಿ ಹಿಂದಿ ಬೀಳುತ್ತಿದ್ದಂತೆ ಬಾಯಲ್ಲಿ ಕನ್ನಡ ಬರುತ್ತಿತ್ತು.

ಕಥೆ ಒಂದು ದೊಡ್ಡ ಮನೆಯದು. ಅತ್ತೆ, ಮಾವ, ಮೂರು ಗಂಡು ಮಕ್ಕಳು, ಬ್ಯಾಂಕಿನಲ್ಲಿ ಕೆಲಸ ಮಾಡುವ ಹಿರಿಯ ಸೊಸೆ. ಅವಳ ಹೆಸರು ಏನೇ ಇರಲಿ, ಓಣಿಗೆ ಅವಳು ಬ್ಯಾಂಕಿನಾಕಿ. ಅವಳ ಸೀರೆಯ ಬಣ್ಣ ಯಾವುದೆಂದು ಪ್ರತಿ ವಾರ ಜಗಳ. ಕಪ್ಪು ಬಿಳುಪಿನಲ್ಲಿ ಅದು ಎಂದೂ ತೀರ್ಮಾನವಾಗಲಿಲ್ಲ. ನಾನು ಮೂಲೆಯಲ್ಲಿ ಕೂತು ಗೀಟು ಹಾಕುತ್ತಿದ್ದೆ. ಹನ್ನೊಂದು ಭಾನುವಾರಗಳ ಲೆಕ್ಕ ಹೀಗಿದೆ: ಟಿವಿಯಲ್ಲಿ ಹೆಂಗಸರು ಚಹಾ ತಂದದ್ದು ನಲವತ್ತೊಂದು ಸಲ, ಗಂಡಸರು ಒಮ್ಮೆಯೂ ಇಲ್ಲ. ಹೆಂಗಸರು ಅತ್ತದ್ದು ಇಪ್ಪತ್ತಾರು ಸಲ. ಗಂಡಸರು ಬಾಗಿಲು ಧಡಾರನೆ ಹಾಕಿದ್ದು ಹದಿನಾಲ್ಕು. ಆ ಮನೆಯೊಳಗಿನ ಯಾವುದೇ ಯಂತ್ರವನ್ನು ಹೆಂಗಸು ಮುಟ್ಟಿದ್ದು, ಸೊನ್ನೆ. ಅದನ್ನು ಬರೆಯುವಾಗ ಮಾಳಿಗೆಯ ಮೇಲೆ ಅವ್ವ ಆ್ಯಂಟೆನಾ ತಿರುಗಿಸುತ್ತಿದ್ದಳು, ಕೆಳಗೆ ಅವಳ ಕೈಯಿಂದಲೇ ಆ ಚಿತ್ರ ಮೂಡುತ್ತಿತ್ತು. ಇನ್ನೊಂದು ಸಂಗತಿಯೂ ಲೆಕ್ಕದಲ್ಲಿ ಕಂಡಿತು. ಜೋರಾಗಿ ನಗುವ ಹೆಂಗಸು, ತಾನೇ ಕಾರು ಓಡಿಸುವ ಹೆಂಗಸು, ಕೂದಲು ಕತ್ತರಿಸಿಕೊಂಡ ಹೆಂಗಸು ಮೂರನೇ ವಾರದೊಳಗೆ ಕೆಟ್ಟವಳಾಗುತ್ತಿದ್ದಳು. ಗಂಡ ಹೆಂಡಿರ ಪ್ರೀತಿ ಕಾಣಬೇಕಾದರೆ ಗಂಡನಿಗೆ ಜ್ವರ ಬರಬೇಕಿತ್ತು; ಆಗ ಅವಳು ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಅವಳಿಗೆ ಒಮ್ಮೆಯೂ ಜ್ವರ ಬರಲಿಲ್ಲ.

ಶಾಲೆಯಲ್ಲಿ ನನಗೆ ಹಿಂದಿ ಇತ್ತು. ಆರನೆಯ ಭಾನುವಾರ ಮೊದಲ ಸಲ ನನ್ನ ಪೆನ್ಸಿಲು ನಿಂತಿತು. ಪಾಯಸ ಸೀದು ಹೋಗಿದ್ದಕ್ಕೆ ಅತ್ತೆ ಬಯ್ದಳು. ಬ್ಯಾಂಕಿನಾಕಿ ತಲೆ ತಗ್ಗಿಸಿ ತನ್ನನ್ನು ಕ್ಷಮಿಸಬೇಕೆಂದು ಬೇಡಿಕೊಂಡಳು. ಅದು ನಮ್ಮ ಪಾಠದಲ್ಲಿದ್ದ ವಾಕ್ಯ, ತಪ್ಪಾಗಲು ಸಾಧ್ಯವೇ ಇರಲಿಲ್ಲ. ಖಾಸಿಂಬಿ ಹೇಳಿದ್ದು ಬೇರೆ.

"ಅಂತಾಳ, ‘ಅತ್ತಿ, ಬೆಳಗಿಂದ ಎರಡ ಕೈಲೆ ಮಾಡಾಕತ್ತೀನಿ. ಮೂರು ಮಂದಿ ಗಂಡುಮಕ್ಳು ಕುಂತಾರಲ್ಲ, ಒಬ್ಬರಿಗ್ಯಾರ ಸೌಟು ತಿರುವು ಅನ್ರಿ.’"

ಹೆಂಗಸರು ಹೋ ಎಂದರು. ನಾನು ಹೊಸ ಪುಟ ತೆಗೆದು ನಡುವೆ ಗೆರೆ ಎಳೆದೆ. ಎಡಕ್ಕೆ ‘ಟಿವಿ ಹೇಳಿದ್ದು’, ಬಲಕ್ಕೆ ‘ಖಾಸಿಂಬಿ ಹೇಳಿದ್ದು’. ಮೂರು ವಾರದಲ್ಲಿ ಹತ್ತೊಂಬತ್ತು ವ್ಯತ್ಯಾಸ ಸಿಕ್ಕವು. ಒಂದು ಮಧ್ಯಾಹ್ನ ಅವಳು ಬಳೆ ಬುಟ್ಟಿ ಇಳಿಸಿ ನೀರು ಕುಡಿಯುತ್ತಿದ್ದಾಗ ಪುಟ ಮುಂದೆ ಹಿಡಿದೆ. ಓದಲು ಬರದ ಅವಳಿಗೆ ನಾನೇ ಓದಿ ಹೇಳಿದೆ. ಅವಳು ನಾಚಿಕೊಳ್ಳುತ್ತಾಳೆ ಎಂದುಕೊಂಡಿದ್ದೆ.

"ಅರೇ, ಬರೇ ಹತ್ತೊಂಬತ್ತೇನ? ಭಾಳ ಕಡಿಮಿ ಹಿಡದೀ ಬೇಟಿ."

"ಸುಳ್ಳು ಯಾಕ ಹೇಳ್ತಿ ಖಾಸಿಂಬಿ?"

"ನೋಡು ಗಿರಿಜಾ, ಅಕಿ ವಾರಾ ವಾರಾ ತಲಿ ತಗ್ಗಿಸಿ ತಪ್ಪಾತು ತಪ್ಪಾತು ಅಂತಾಳ. ಅದನ್ನ ಕೇಳಾಕ ಎಂಟು ಮಂದಿ ಒಲಿ ಆರಿಸಿ ಇಲ್ಲಿತನ ಬರಬೇಕೇನ? ಅದು ಅವರವರ ಮನ್ಯಾಗ ದಿನಾ ಅದ. ಬಳಿ ಇಡಸ್ಕೊಳ್ಳುವಾಗ ಇವರೆಲ್ಲ ನನ್ನ ಮುಂದ ಏನೇನ ಅಂತಾರ, ಅದನ್ನ ಅಕಿ ಬಾಯಾಗ ಇಡ್ತೀನಿ. ನನ್ನ ಮಾತು ಒಂದೂ ಇಲ್ಲ ಅದರಾಗ. ನಿಮ್ಮಪ್ಪಗ ಹೇಳ್ತೀ ಏನ?"

ನಾನು ಹೇಳಲಿಲ್ಲ. ಎರಡೂ ಕಾಲಂ ತುಂಬುತ್ತಾ ಹೋದೆ.

ಮನೆಯಲ್ಲಿ ಆದ ಬದಲಾವಣೆ ಕೂಡ ತಾರೀಖು ಸಮೇತ ನನ್ನಲ್ಲಿದೆ. ಖಾಸಿಂಬಿ ಅತ್ತೆಯನ್ನೂ ಬಿಟ್ಟಿರಲಿಲ್ಲ. ಟಿವಿಯ ಅತ್ತೆ ಕಣ್ಣು ಕೆಕ್ಕರಿಸಿದರೂ ಇವಳ ಬಾಯಲ್ಲಿ, "ನಾನೂ ಒಂದ ಕಾಲಕ್ಕ ಸೊಸಿ ಆಗಿದ್ದೆ, ಕುಂದರವ್ವ ಚೂರು" ಎನ್ನುತ್ತಿದ್ದಳು. ಆಯಿಗೆ ಇದು ಹಿಡಿಸಿತು. ಅಷ್ಟು ದೊಡ್ಡ ಬಂಗಲೆಯ ಅತ್ತೆ ಹಾಗಂದರೆ ತಾನೇನು ಕಡಿಮೆ? ಒಂದು ಗುರುವಾರ ಸಂಜೆ ಆಯಿ ತನ್ನ ಬಸಿಯ ಚಹಾದಲ್ಲಿ ಅರ್ಧವನ್ನು ಬೇರೆ ಲೋಟಕ್ಕೆ ಸುರಿದು ಒಲೆಯ ಮುಂದಿದ್ದ ಅವ್ವನಿಗೆ ಕೊಟ್ಟಳು. ಅವ್ವ ಹೆದರಿ, ಮೈಯಲ್ಲಿ ಆರಾಮಿಲ್ಲವೇ ಎಂದು ಕೇಳಿದಳು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಅಪ್ಪ ಉಂಡ ತಟ್ಟೆಯಲ್ಲೇ ಅವ್ವ ಕೊನೆಗೆ ಉಣ್ಣುವ ರೂಢಿ. ಮುಂದಿನ ವಾರ ಆಯಿಯೇ ತಗಾದೆ ತೆಗೆದಳು.

"ಎಲ್ಲಾರೂ ಒಂದ ಸಲ ಕುಂತರ ರೊಟ್ಟಿ ಬಿಸಿ ಇರ್ತಾವ. ನಾಗಪ್ಪಾ, ಸರಕೊಂಡು ಕುಂದ್ರು."

ಅಪ್ಪ ಆಯಿಯನ್ನು ನೋಡಿದ, ಅವ್ವನನ್ನು ನೋಡಿದ, ಸರಿದು ಕೂತ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ಅಂದು ಮೊದಲ ಸಲ ಅವನೇ ಎದ್ದು ತಂದ. ಬಾಗಿಲ ಮರೆಯಲ್ಲಿ ಶಾರದಕ್ಕ ನನ್ನ ತೊಡೆ ಚಿವುಟಿದಳು. ಬರಿ ಎಂದು ಅದರ ಅರ್ಥ.

ಆದರೆ ಅಕ್ಕನ ವಿಷಯ ಬೇರೆಯೇ ಆಗಿತ್ತು. ಪಿಯುಸಿ ಮುಗಿಸಿದ್ದ ಅವಳಿಗೆ ಶಿಕ್ಷಕಿಯಾಗಬೇಕೆಂಬ ಆಸೆ. ತರಬೇತಿಯ ಅರ್ಜಿ ತಂದು ತುಂಬಿ, ಪಾಲಕರ ರುಜುವಿಗಾಗಿ ಅಪ್ಪನ ಕೈಗೆ ಕೊಟ್ಟಿದ್ದಳು. ಅದೇ ಹೊತ್ತಿಗೆ ಮಾನ್ವಿಯಿಂದ ಒಂದು ಸಂಬಂಧ ಬಂತು. ಒಳ್ಳೆಯ ಮನೆತನ, ಕಟ್ಟಿಗೆಯ ಡಿಪೋ; ಒಂದೇ ಮಾತು, ಹುಡುಗಿ ಇನ್ನು ಓದುವುದು, ನೌಕರಿ ಮಾಡುವುದು ಬೇಡ. ಅಪ್ಪ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಅರ್ಜಿ ಅವನ ದಿಂಬಿನ ಕೆಳಗೆ ಹೋಯಿತು. ಪ್ರತಿದಿನ ಹಾಸಿಗೆ ಮಡಿಸುವಾಗ ಅಕ್ಕ ಅದನ್ನು ಎತ್ತಿ ನೋಡುತ್ತಿದ್ದಳು, ರುಜುವಿನ ಜಾಗ ಖಾಲಿ ಇರುತ್ತಿತ್ತು, ಹಾಗೆಯೇ ಇಡುತ್ತಿದ್ದಳು. ಹದಿನಾರು ದಿನ, ಹದಿನಾರು ಗೀಟು. ಹದಿನೇಳನೆಯ ದಿನ ಭಾನುವಾರ. ಸೋಮವಾರ ಅರ್ಜಿಗೆ ಕೊನೆಯ ದಿನ. ಆ ಭಾನುವಾರವೇ ಮಾನ್ವಿಯವರು ಹುಡುಗಿ ನೋಡಲು ಬರುವವರಿದ್ದರು.

ಮಧ್ಯಾಹ್ನ ಬರುತ್ತೇವೆಂದವರು ಬೆಳಗಿನ ಬಸ್ಸಿಗೇ ಬಂದುಬಿಟ್ಟರು. ಹುಡುಗನ ಸೋದರಮಾವ ಶರಣಪ್ಪ, ಹುಡುಗನ ತಾಯಿ, ಇಬ್ಬರೇ. ಅವರು ಒಳಗೆ ಬರುವಾಗ ಧಾರಾವಾಹಿ ಶುರುವಾಗಿತ್ತು, ಓಣಿಯ ಹೆಂಗಸರು ಕೂತಿದ್ದರು. ಎದ್ದು ಹೋಗಲು ಹೊರಟವರನ್ನು ಶರಣಪ್ಪನೇ ದೊಡ್ಡ ಮನಸ್ಸಿನಿಂದ ತಡೆದ.

"ಕುಂದರ್ರಿ ಕುಂದರ್ರಿ, ನಾನೂ ನೋಡ್ತೀನಿ."

ಅವನು ಕುರ್ಚಿಯ ಮೇಲೆ ಕೂತ. ಇನ್ನೊಂದರ ಮೇಲೆ ಅಪ್ಪ ಕೂರಬೇಕಾಯಿತು. ಧಾರಾವಾಹಿಯ ಹೊತ್ತಿನಲ್ಲಿ ಅಪ್ಪ ಪರದೆಯ ಈಚೆಗೆ ಬಂದದ್ದು ಅದೇ ಮೊದಲು. ಹುಡುಗನ ತಾಯಿ ಆಯಿಯ ಪಕ್ಕ ನೆಲದ ಮೇಲೆ ಕೂತಳು. ಟಿವಿಯಲ್ಲಿ ಗಂಡನಿಗೆ ಬಡ್ತಿ ಸಿಕ್ಕಿತ್ತು, ಎಲ್ಲರೂ ಬ್ಯಾಂಕಿನಾಕಿಯ ಸುತ್ತ ನಿಂತಿದ್ದರು. ಅವಳು ಕಣ್ಣೀರು ಒರೆಸಿಕೊಂಡು, ಈ ಮನೆಯೇ ನನ್ನ ಎಲ್ಲ, ನಾಳೆಯೇ ಕೆಲಸ ಬಿಡುತ್ತೇನೆ ಎಂದಳು. ನಾನು ಎಡ ಕಾಲಂನಲ್ಲಿ ಬರೆದೆ. ಖಾಸಿಂಬಿ ಶರಣಪ್ಪನನ್ನು ನೋಡಿದಳು, ಅಡುಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದ ಅಕ್ಕನನ್ನು ನೋಡಿದಳು. ಆಮೇಲೆ ದನಿ ಏರಿಸಿ ಹೇಳಿದಳು.

"ಅಂತಾಳ, ‘ನನ್ನ ನೌಕರಿ ನಾ ಬಿಡಂಗಿಲ್ಲ. ಮನಿ ನಂದು, ನೌಕರಿನೂ ನಂದು.’"

ಶರಣಪ್ಪ ಗಹಗಹಿಸಿ ನಕ್ಕ.

"ಏ ಬಾಯಿ, ಯಾರಿಗೆ ಟೋಪಿ ಹಾಕಾಕತ್ತಿ? ನಾನೂ ಉರ್ದು ಸಾಲ್ಯಾಗ ಓದಿದಾಂವ. ಅಕಿ ನೌಕರಿ ಬಿಡ್ತೀನಿ ಅಂದಳು. ಚಲೋ ಮನಿತನದ ಹೆಣ್ಮಗಳು ಅಂದರ ಹಂಗಿರಬೇಕು."

ಆಯಿ ನಿಧಾನವಾಗಿ ಖಾಸಿಂಬಿಯ ಕಡೆ ತಿರುಗಿದಳು.

"ಹಂಗಾದರ ಆ ಅತ್ತಿನೂ ಏನೂ ಅಂದಿದ್ದಿಲ್ಲೇನ? ಕುಂದರವ್ವ ಅಂದಿದ್ದು?"

"ಇಲ್ಲ ಯವ್ವಾ."

"ಮತ್ತ ನಾ ಯಾರನ್ನ ನೋಡಿ ಸೊಸಿಗೆ ಚಾ ಕೊಟ್ಟೆಬೇ?"

"ಯಾರನ್ನೂ ಅಲ್ಲ. ನೀವ ಕೊಟ್ಟೀರಿ."

ಶರಣಪ್ಪನಿಗೆ ಇದೆಲ್ಲ ಬೇಕಿರಲಿಲ್ಲ. ಅವನಿಗೆ ತೀರ್ಪು ಬೇಕಿತ್ತು.

"ನಾಗಪ್ಪನೋರ, ನಿಮ್ಮ ಓದು ಅಂದರ ಮೂರು ತಾಲೂಕು ನಂಬತಾವ. ನೀವ ಹೇಳ್ರಿ, ಅಕಿ ಏನಂದಳು?"

ಖಾಸಿಂಬಿಯ ಕಣ್ಣು ನನ್ನ ದಿನಚರಿಯ ಮೇಲಿತ್ತು. ನಾನು ಅದನ್ನು ಲಂಗದ ಕೆಳಗೆ ಸರಿಸಿದೆ. ಅಪ್ಪ ಸುಳ್ಳು ಓದುವವನಲ್ಲ. ಅವನು ಖರೆ ಹೇಳಿದರೆ ಎಂಟು ಹೆಂಗಸರ ಎದುರು ಖಾಸಿಂಬಿ ಸುಳ್ಳಿಯಾಗುತ್ತಾಳೆ, ಅಕ್ಕನ ಅರ್ಜಿ ದಿಂಬಿನ ಕೆಳಗೇ ಉಳಿಯುತ್ತದೆ. ಅಪ್ಪ ಕಾಗದ ಓದುವ ದನಿಯಲ್ಲೇ ಮಾತಾಡಿದ.

"ಟಿವಿಯಾಗಿನಾಕಿ ನೌಕರಿ ಬಿಡ್ತೀನಿ ಅಂದಳು. ಅದು ಖರೆ. ಖಾಸಿಂಬಿ ಬಿಡಂಗಿಲ್ಲ ಅಂದಳು. ಅದನ್ನೂ ಕೇಳೀನಿ. ಮೂರು ತಿಂಗಳಾತು, ಅಲ್ಲೆ ಮಂಚದ ಮ್ಯಾಲ ಮಲಗಿ ಎರಡೂ ಕೇಳಾಕತ್ತೀನಿ."

"ಗೊತ್ತಿದ್ದೂ ಸುಮ್ಮ ಇದ್ದಿರೇನ?"

"ಕಾಗದದಾಗ ಏನದ ಅದನ್ನ ಓದೂದು ನನ್ನ ಕೆಲಸ. ಯಾವ ಕಾಗದಕ್ಕ ರುಜು ಹಾಕಬೇಕು ಅನ್ನೂದು ನನ್ನ ಮನಸು. ಅಕಿ ಹಿಂಗಂದಳು, ಇಕಿ ಹಂಗಂದಳು, ಎಲ್ಲಾ ಆತು. ನಮ್ಮ ಹುಡುಗಿನ್ನ ಮಾತ್ರ ಯಾರೂ ಕೇಳಿಲ್ಲ. ನಾನೂ ಕೇಳಿಲ್ಲ. ಶಾರದಾ, ನೀ ಏನಂತೀ?"

ಅಕ್ಕ ತಾಟನ್ನು ಟಿವಿಯ ಮೇಲಿಟ್ಟಳು. ಬೇರೆ ಯಾವ ಜಾಗವೂ ಸಿಗಲಿಲ್ಲ ಎಂದು ಆಮೇಲೆ ಹೇಳಿದಳು. ಅಪ್ಪನ ಕಡೆ ತಿರುಗಿ ನಿಂತಳು.

"ನಾ ಮುಂದ ಕಲೀತೀನಿ ಯಪ್ಪಾ. ಕಲತು ಸಾಲಿ ಕಲಸ್ತೀನಿ. ಲಗ್ನ ಆದಮ್ಯಾಲೂ ಬಿಡಂಗಿಲ್ಲ. ಒಪ್ಪಿದವರು ಬರಲಿ."

ಇದಕ್ಕೆ ಯಾರ ಅನುವಾದವೂ ಬೇಕಾಗಲಿಲ್ಲ. ಶರಣಪ್ಪ ಚಹಾ ಕುಡಿಯದೆ ಎದ್ದ. ಅವನ ಹಿಂದೆ ಹೊರಟ ಹುಡುಗನ ತಾಯಿ ಮಾತ್ರ ತಾಟಿನಿಂದ ಒಂದು ಕಪ್ಪು ಎತ್ತಿ, ನಿಂತಲ್ಲೇ ಪೂರ್ತಿ ಕುಡಿದು, ಅಕ್ಕನ ಗಲ್ಲ ಮುಟ್ಟಿದಳು.

"ಚಲೋ ಅಂದೀ ಬಿಡವ್ವ. ನಮ್ಮ ಮನಿಗೆ ನೀ ಬರಲಿಲ್ಲ ಅಂತ ನನಗ ಕೆಟ್ಟ ಅನಸ್ತದ, ನಿನಗ ಅನಸಬಾರದು."

ಅಪ್ಪ ಪಡಸಾಲೆಗೆ ಹೋಗಿ ದಿಂಬು ಎತ್ತಿ, ಅರ್ಜಿಗೆ ರುಜು ಹಾಕಿದ. ಅವನ ರುಜು ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಓಡುತ್ತಿತ್ತು. ಒಪ್ಪುತ್ತಾರೋ ಇಲ್ಲವೋ ಎಂದು ಅಕ್ಕ ಹೆದರಿದ್ದಕ್ಕೆ ಕೆಳಗೆ ಕನ್ನಡದಲ್ಲಿ ಇನ್ನೊಂದು ಹಾಕಿದ. ವೇಳೆ ಹನ್ನೊಂದು ಗಂಟೆ ಐದು ನಿಮಿಷ. ಒಳಗೆ ಹೆಂಗಸರು ಎಷ್ಟು ಜೋರಾಗಿ ನಗುತ್ತಿದ್ದರೆಂದರೆ, ಟಿವಿಯ ಲೆಕ್ಕದ ಪ್ರಕಾರ ಅವರೆಲ್ಲರೂ ಮೂರು ವಾರದೊಳಗೆ ಕೆಟ್ಟವರಾಗಬೇಕಿತ್ತು. ಆಯಿ ಖಾಸಿಂಬಿಯ ಮುಂದೆ ಕೈ ಚಾಚಿ ಕೂತು, ಹಸಿರು ಬಳೆ ಇಡು ಎಂದು ಗದರುತ್ತಿದ್ದಳು.

ಮುಂದಿನ ಭಾನುವಾರ ಹದಿಮೂರರ ದಾಖಲೆ ಮುರಿಯಿತು. ಹತ್ತೊಂಬತ್ತು ಮಂದಿ ಬಂದರು. ಎರಡು ಕುರ್ಚಿಗಳನ್ನೂ ಪಡಸಾಲೆಗೆ ಹಾಕಿ ಜಾಗ ಮಾಡಿದೆವು. ಖಾಸಿಂಬಿ ಸಂಕೋಚದಿಂದ, ಇನ್ನು ಮುಂದೆ ಇದ್ದದ್ದು ಇದ್ದಂಗೆ ಹೇಳುತ್ತೇನೆ ಎಂದಳು. ಓಣಿ ಒಪ್ಪಲಿಲ್ಲ. "ಅದು ನಮಗ ಬ್ಯಾಡ, ನಿಂದು ಹೇಳು" ಎಂದಿತು. ಅವ್ವ ಮಾಳಿಗೆಯಿಂದ ಇಳಿದು ಬಂದವಳು ನೇರ ಹೋಗಿ ದನಿಯ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು. ಅಂದಿನಿಂದ ಕೊನೆಯ ಕಂತಿನವರೆಗೆ ನಮ್ಮ ಮನೆಯಲ್ಲಿ ಆ ಧಾರಾವಾಹಿಗೆ ಖಾಸಿಂಬಿಯ ದನಿ ಒಂದೇ. ಈಗ ಹೆಂಗಸರೂ ತಮ್ಮ ಮಾತಿನ ಸಾಲು ಸೇರಿಸುತ್ತಿದ್ದರು, ಅವ್ವ ಕೂಡ. ಅವರ ಕಥೆಯಲ್ಲಿ ಬ್ಯಾಂಕಿನಾಕಿ ಮ್ಯಾನೇಜರಾದಳು, ಅವಳಿಗೆ ಜ್ವರ ಬಂತು, ಗಂಡ ಒದ್ದೆ ಬಟ್ಟೆ ಹಿಡಿದು ಮೂರು ವಾರ ಹಾಸಿಗೆಯ ಪಕ್ಕ ಕೂತ.

ಶಾರದಕ್ಕ ತರಬೇತಿ ಮುಗಿಸಿ ದೇವದುರ್ಗದ ಶಾಲೆಗೆ ಸೇರಿದಳು. ಒಪ್ಪಿದವನು ಬಂದ, ಮದುವೆಯೂ ಆಯಿತು. ಕೆಲಸವನ್ನು ಅವಳು ಇಂದಿಗೂ ಬಿಟ್ಟಿಲ್ಲ. ನಿವೃತ್ತಿಗೆ ಇನ್ನೂ ವರ್ಷಗಳಿವೆ. ಇದರ ಮಟ್ಟಿಗೆ ನನ್ನ ದಾಖಲೆ ಪೂರ್ಣವಾಗಿದೆ. ಪೂರ್ಣವಾಗದೆ ಉಳಿದದ್ದು ಎಡ ಕಾಲಂ. ದನಿ ಇಳಿಸಿದ ಮೇಲೆ ಹಿಂದಿಯಲ್ಲಿ ಆ ಸೊಸೆಗೆ ಏನಾಯಿತೆಂಬುದು ನಮಗೆ ಯಾರಿಗೂ ತಿಳಿಯದು. ಭಾನುವಾರ ಬೆಳಿಗ್ಗೆ ದನಿ ಏರಿಸಿಕೊಂಡು ಅದನ್ನು ಕೊನೆಯವರೆಗೆ ನೋಡಿದವರು ಯಾರಾದರೂ ಇದ್ದರೆ, ಅವಳು ನಿಜಕ್ಕೂ ಕೆಲಸ ಬಿಟ್ಟಳೇ ಎಂದು ಎರಡು ಸಾಲು ಬರೆದು ತಿಳಿಸಿ. ಬಿಟ್ಟಿದ್ದರೆ ಇದ್ದ ಹಾಗೆಯೇ ಬರೆದುಕೊಳ್ಳುತ್ತೇನೆ, ಆದರೆ ಅಕ್ಕನಿಗೆ ಓದಿ ಹೇಳುವುದಿಲ್ಲ. ಶಾಲೆಗೆ ಹೋಗಲು ಅವಳಿಗೆ ನಾಳೆ ಬೆಳಿಗ್ಗೆ ಎಂಟಕ್ಕೆ ಬಸ್ಸಿದೆ.